ಕಪ್ಪು-ಬಿಳುಪಿಗೆ ಬಣ್ಣವೇ ಬಂಡವಾಳ

ಮೊದಲು ಈ ಚಿತ್ರ ನೋಡಿ. ನಮ್ಮ ದೊಡ್ಡಮ್ಮ ಬೆಳಗ್ಗೆ ಹಿತ್ತಲಲ್ಲಿ ಪೂಜೆಗೆ ಹೂ ಬಿಡಿಸುತ್ತಿದ್ದಾರೆ. ಎಡಗೈಯಲ್ಲಿ ಬಿದಿರಿನ ಹೂಬುಟ್ಟಿ, ಬಲಗೈ ಗಿಡದ ಕಡೆ ಚಾಚಿದೆ. ಆ ಕೈ ಯಾವುದಕ್ಕೆ ಚಾಚಿದೆ, ಹೇಳಿ ನೋಡೋಣ. ಎಲೆಗೆ ಅಂತ ಹಿಂದಿನ ಸಾಲಿನಿಂದ ಉತ್ತರ ಬಂತು. ಹೌದು, ಇಲ್ಲಿ ಕಾಣುವುದು ಬರೀ ಎಲೆ. ಆದರೆ ಅವರ ಬೆರಳ ತುದಿಯಲ್ಲೇ ಅಂಗೈಯಗಲದ ಕೆಂಪು ದಾಸವಾಳ ಇದೆ. ಹಿತ್ತಲಿಗೆ ಕಾಲಿಟ್ಟ ಯಾರಿಗಾದರೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅದೇ ಹೂವು. ಚಿತ್ರದಲ್ಲಿ ಅದು ಎಲೆಯೊಳಗೆ ಕರಗಿಹೋಗಿದೆ.

ಆ ದಿನ ಕ್ಯಾಮೆರಾವನ್ನು ಕಪ್ಪು-ಬಿಳುಪು ಮೋಡ್‌ಗೆ ಹಾಕಿದ್ದೆ. ರಾತ್ರಿ ಕಂಪ್ಯೂಟರಿನಲ್ಲಿ ತೆರೆದಾಗ ಚಿತ್ರ ಸಪ್ಪೆ ಅನ್ನಿಸಿತು. ನಾವೆಲ್ಲ ಮಾಡುವುದನ್ನೇ ಮಾಡಿದೆ. ಕಾಂಟ್ರಾಸ್ಟ್ ಸ್ಲೈಡರನ್ನು ಬಲಕ್ಕೆ ಎಳೆದೆ. ಸೀರೆ ಬಿಳಿಚಿಕೊಂಡಿತು, ಗಿಡದ ಬುಡ ಮಸಿಯಾಯಿತು. ಹೂವು ಮಾತ್ರ ಬರಲಿಲ್ಲ. ಇನ್ನೂ ಎಳೆದೆ. ಆಗಲೂ ಬರಲಿಲ್ಲ.

ಬರುವುದಾದರೂ ಹೇಗೆ? ಹೂವೂ ಎಲೆಯೂ ಒಂದೇ ಬೂದು ಆಗಿಬಿಟ್ಟಿವೆ. ಸ್ಲೈಡರ್ ಎರಡನ್ನೂ ಒಟ್ಟಿಗೇ ತಳ್ಳುತ್ತದೆ, ಒಟ್ಟಿಗೇ ಎಳೆಯುತ್ತದೆ. ಕಾಂಟ್ರಾಸ್ಟ್ ಅಂದರೆ ಚಿತ್ರದ ಕಡುಗಪ್ಪಿಗೂ ಕಡುಬಿಳುಪಿಗೂ ಇರುವ ದೂರ ಅಂತ ಬಹಳ ಜನ ತಿಳಿದಿದ್ದಾರೆ. ಆ ದೂರವನ್ನು ಯಾರು ಬೇಕಾದರೂ ಹಿಗ್ಗಿಸಬಹುದು. ನನಗೆ ಮುಖ್ಯ ಅನ್ನಿಸುವುದು ಪಕ್ಕಪಕ್ಕದಲ್ಲಿರುವ ಎರಡು ವಸ್ತುಗಳ ನಡುವಿನ ಅಂತರ. ಹೂವಿಗೂ ಎಲೆಗೂ ಇರುವ ಅಂತರ, ಹಣೆಗೂ ಕುಂಕುಮಕ್ಕೂ ಇರುವ ಅಂತರ. ಚಿತ್ರ ತುಂಬಿಕೊಂಡಿದೆ ಅನ್ನಿಸುವುದು ಈ ನೆರೆಹೊರೆಯ ಅಂತರಗಳಿಂದ. ಇವತ್ತಿನ ಮಾತೆಲ್ಲ ಅದನ್ನು ಉಳಿಸಿಕೊಳ್ಳುವ ಬಗ್ಗೆ.

ಹೂವು ಯಾಕೆ ಮಾಯವಾಯಿತು ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಬೋರ್ಡಿನ ಮೇಲೆ ಬರೆದಿರುವ ಅಂಕಿ ನೋಡಿ. ಸೊನ್ನೆ ಅಂದರೆ ಬೆಳಕೇ ಇಲ್ಲ, 255 ಅಂದರೆ ಪೂರ್ತಿ ಬೆಳಕು. ದಾಸವಾಳದ ಎಸಳಿನ ಬಣ್ಣ: ಕೆಂಪು 200, ಹಸಿರು 50, ನೀಲಿ 40. ಎಲೆಯ ಬಣ್ಣ: ಕೆಂಪು 60, ಹಸಿರು 120, ನೀಲಿ 45. ಕಣ್ಣಿಗೆ ಇವೆರಡಕ್ಕೂ ಏನಾದರೂ ಸಂಬಂಧ ಇದೆಯಾ? ಆದರೆ ಬಣ್ಣದ ಚಿತ್ರವನ್ನು ಬೂದು ಮಾಡುವಾಗ ಹೆಚ್ಚಾಗಿ ಬಳಸುವ ಒಂದು ಲೆಕ್ಕ ಇದೆ. ಕೆಂಪಿನಲ್ಲಿ ನೂರಕ್ಕೆ ಸುಮಾರು 30 ಪಾಲು, ಹಸಿರಿನಲ್ಲಿ 59 ಪಾಲು, ನೀಲಿಯಲ್ಲಿ 11 ಪಾಲು ತೆಗೆದುಕೊಂಡು ಕೂಡಿಸುವುದು. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿ ಕಮ್ಮಿ. ಅದಕ್ಕೇ ಈ ಪಾಲು. ಹಾಗೆ ಕೂಡಿಸಿದರೆ ಹೂವು ಸುಮಾರು 94 ಬರುತ್ತದೆ. ಎಲೆಯೂ ಅಷ್ಟೇ, 94. ಅಲ್ಲಿಗೆ ಹೂವಿನ ಕಥೆ ಮುಗಿಯಿತು.

ಈಗ ಅದೇ ಅಂಕಿಗಳಲ್ಲಿ ಕೆಂಪನ್ನು ಮಾತ್ರ ನೋಡಿ. ಹೂವು 200, ಎಲೆ 60. ಕತ್ತಲ ಗಿಡದಲ್ಲಿ ದೀಪ ಹಚ್ಚಿಟ್ಟ ಹಾಗೆ ಹೂವು ಎದ್ದು ಬರುತ್ತದೆ. ಹಸಿರನ್ನು ಮಾತ್ರ ನೋಡಿದರೆ ಹೂವು 50, ಎಲೆ 120. ಬೆಳಗುವ ಎಲೆಗಳ ನಡುವೆ ಕಪ್ಪು ಹೂವು. ಒಂದೇ ಕ್ಷಣ, ಒಂದೇ ಫೈಲು, ಅದರಲ್ಲಿ ಮೂರು ಚಿತ್ರಗಳು ಕೂತಿವೆ. ಯಾವುದು ಬೇಕು ಅಂತ ನಾವು ಹೇಳದಿದ್ದರೆ ಯಂತ್ರ ತನಗೆ ಗೊತ್ತಿರುವ ಒಂದನ್ನು ಕೊಡುತ್ತದೆ.

ಇಲ್ಲಿ ಸ್ವಲ್ಪ ಆಚೆ ಹೋಗಿ ಬರುತ್ತೇನೆ, ಯಾಕೆಂದರೆ ಇದು ತಿಳಿದರೆ ಮುಂದಿನದು ಸುಲಭ. ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ. ಎಷ್ಟು ಬೆಳಕು ಬಿತ್ತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಅದರ ಪುಟ್ಟ ಪುಟ್ಟ ಕೋಣೆಗಳ ಮೇಲೆ ಬಣ್ಣದ ಗಾಜು ಹಾಕಿದ ಹಾಗೆ ಫಿಲ್ಟರ್ ಇರುತ್ತದೆ. ನಾಲ್ಕು ಕೋಣೆಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನಲ್ಲಿ ಕೆಲಸ ಮಾಡುತ್ತಿದ್ದ ಬ್ರೈಸ್ ಬೇಯರ್ ಎಂಬುವವರು ಕಂಡುಹಿಡಿದ ಜೋಡಣೆ ಇದು. 1976ರಲ್ಲಿ ಪೇಟೆಂಟ್ ಆಯಿತು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನಲ್ಲೂ ಬಹುಪಾಲು ಅದರದೇ ಒಂದು ರೂಪ ಇದೆ. ಆ ಬಣ್ಣದ ಗಾಜುಗಳನ್ನು ತೆಗೆದೇ ಮಾಡಿದ ಕ್ಯಾಮೆರಾಗಳೂ ಬಂದಿವೆ. ಲೈಕಾ ಎಂ ಮೋನೋಕ್ರೋಮ್ 2012ರಲ್ಲಿ ಬಂತು, ಪೆಂಟಾಕ್ಸ್ ಕೆ-3 ಮಾರ್ಕ್ 3 ಮೋನೋಕ್ರೋಮ್ 2023ರಲ್ಲಿ. ಅವು ಬೆಳಕನ್ನು ಹೆಚ್ಚು ಹಿಡಿಯುತ್ತವೆ, ವಿವರವೂ ಚೂಪಾಗಿ ಬರುತ್ತದೆ. ಆದರೆ ಅವುಗಳಲ್ಲಿ ದಾಸವಾಳವನ್ನು ಆಮೇಲೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಹಳೇ ಫಿಲಂ ಕಾಲದ ಹಾಗೆ ಲೆನ್ಸಿನ ಮುಂದೆಯೇ ಹಳದಿ, ಕೆಂಪು ಗಾಜು ಹಿಡಿದು ಆ ಕ್ಷಣದಲ್ಲೇ ತೀರ್ಮಾನ ಮಾಡಬೇಕು. ನಮ್ಮ ಸಾಧಾರಣ ಕ್ಯಾಮೆರಾದಲ್ಲಿ ಬಣ್ಣ ಉಳಿದಿರುತ್ತದೆ. ಅದೇ ನಮ್ಮ ಬಂಡವಾಳ.

ಹಾಗಾಗಿ ಮೊದಲ ಕೆಲಸ ಆ ಬಂಡವಾಳವನ್ನು ಕಳೆದುಕೊಳ್ಳದೇ ಇರುವುದು. ಕಪ್ಪು-ಬಿಳುಪು ಮೋಡ್‌ನ ಜೆಪೆಗ್ ಬಣ್ಣವನ್ನು ಎಸೆದುಬಿಡುತ್ತದೆ, ಮತ್ತೆ ಸಿಗುವುದಿಲ್ಲ. ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್, ಇಟ್ಟುಕೊಳ್ಳಿ. ನಿಮ್ಮ ಕ್ಯಾಮೆರಾದಲ್ಲಿ ರಾ ಆನ್ ಮಾಡಿ, ಜೊತೆಗೆ ಕಪ್ಪು-ಬಿಳುಪು ಮೋಡನ್ನೂ ಹಾಕಿ. ಹಿಂದಿನ ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ಫೈಲಿನೊಳಗೆ ಬಣ್ಣ ಭದ್ರವಾಗಿರುತ್ತದೆ. ಆವತ್ತು ನನ್ನ ಪುಣ್ಯಕ್ಕೆ ರಾ ಫೈಲೂ ಉಳಿದಿತ್ತು. ಇಲ್ಲದಿದ್ದರೆ ದೊಡ್ಡಮ್ಮನ ಈ ಚಿತ್ರ ಹೋಗೇ ಹೋಗುತ್ತಿತ್ತು.

ರಾ ಇಟ್ಟುಕೊಳ್ಳಲು ಇನ್ನೊಂದು ಕಾರಣ ಇದೆ. ಜೆಪೆಗ್‌ನಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲು ಮಾತ್ರ. 12 ಬಿಟ್ ರಾದಲ್ಲಿ 4096, 14 ಬಿಟ್‌ನಲ್ಲಿ 16384. ಆದರೆ ಈ ಮೆಟ್ಟಿಲುಗಳು ಸಮನಾಗಿ ಹಂಚಿಕೆಯಾಗಿಲ್ಲ. ಬೆಳಕು ಅರ್ಧಕ್ಕೆ ಇಳಿಯುವ ಒಂದೊಂದು ಹಂತಕ್ಕೆ ಸ್ಟಾಪ್ ಅಂತೀವಿ. 4096ರಲ್ಲಿ ಅರ್ಧ, ಅಂದರೆ 2048, ಎಲ್ಲಕ್ಕಿಂತ ಬೆಳಕಿರುವ ಒಂದು ಸ್ಟಾಪಿಗೇ ಹೋಗುತ್ತದೆ. ಅದರ ಕೆಳಗಿನ ಸ್ಟಾಪಿಗೆ 1024, ಆಮೇಲೆ 512. ಆರನೇ ಸ್ಟಾಪಿಗೆ ಇಳಿಯುವ ಹೊತ್ತಿಗೆ ಉಳಿಯುವುದು ಬರೀ 64. ಮೊದಲೇ ಬೆಳಕು ಕಮ್ಮಿ ಬಿದ್ದ ಜಾಗ, ಮೆಟ್ಟಿಲೂ ಕಮ್ಮಿ. ಆ ನೆರಳನ್ನು ಆಮೇಲೆ ಎತ್ತಿದರೆ ಮರಳು ಚೆಲ್ಲಿದ ಹಾಗೆ ನಾಯ್ಸ್ ಬರುತ್ತದೆ.

ಅದಕ್ಕೇ ತೆಗೆಯುವಾಗ ಬಿಳುಪು ಒಡೆಯದಷ್ಟು, ಅಂದರೆ ವಿವರ ಕಳೆದುಕೊಂಡು ಬರೀ ಬಿಳಿ ಆಗದಷ್ಟು, ಆದರೆ ಅದರ ಹತ್ತಿರ ಹೋಗುವಷ್ಟು ಬೆಳಕು ಕೊಡಿ. ಇಲ್ಲಿ ಒಂದು ಸಣ್ಣ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಚಿತ್ರದಲ್ಲಿ ಕಪ್ಪೆಷ್ಟು, ಬಿಳುಪೆಷ್ಟು ಅಂತ ಕ್ಯಾಮೆರಾ ತೋರಿಸುವ ನಕ್ಷೆ, ಅಂದರೆ ಹಿಸ್ಟೋಗ್ರಾಮ್, ರಾ ಫೈಲಿನದಲ್ಲ, ಅದರಿಂದ ಮಾಡಿದ ಜೆಪೆಗ್‌ನದು. ಕ್ಯಾಮೆರಾದಲ್ಲಿ ಕಾಂಟ್ರಾಸ್ಟ್ ಜಾಸ್ತಿ ಇಟ್ಟಿದ್ದರೆ, ಒಡೆಯದ ಬಿಳುಪನ್ನೂ ಒಡೆದಿದೆ ಅಂತ ತೋರಿಸುತ್ತದೆ. ನೀವು ಹೆದರಿ ಬೆಳಕು ಕಡಿಮೆ ಮಾಡುತ್ತೀರಿ, ನೆರಳು ಹಾಳಾಗುತ್ತದೆ. ಪರದೆಯ ಚಿತ್ರ ಸ್ವಲ್ಪ ಸಪ್ಪೆಯಾಗಿ ಕಂಡರೂ ಪರವಾಗಿಲ್ಲ, ಕ್ಯಾಮೆರಾದ ಕಾಂಟ್ರಾಸ್ಟ್ ಇಳಿಸಿಡಿ. ನಿಜಕ್ಕೆ ಹತ್ತಿರದ ಲೆಕ್ಕ ಸಿಗುತ್ತದೆ.

ಈಗ ಹಿತ್ತಲಿಗೆ ವಾಪಸ್ ಬರೋಣ. ಫೋಟೋ ತಂತ್ರಾಂಶಗಳಲ್ಲಿ ಕಪ್ಪು-ಬಿಳುಪು ಮಾಡುವ ಜಾಗದಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಅಂತ ಬೇರೆಬೇರೆ ಸ್ಲೈಡರುಗಳಿರುತ್ತವೆ. ಕೆಂಪನ್ನು ಮೇಲಕ್ಕೆ ಎತ್ತಿದೆ. ದಾಸವಾಳ ತಕ್ಷಣ ಎದ್ದು ಬಂತು. ಖುಷಿಯಾಯಿತು. ಆಮೇಲೆ ದೊಡ್ಡಮ್ಮನ ಮುಖ ನೋಡಿದೆ. ಹಣೆಯ ಮೇಲಿದ್ದ ಕಾಸಿನಗಲದ ಕುಂಕುಮ ಇಲ್ಲ! ಕುಂಕುಮವೂ ಕೆಂಪು ತಾನೆ, ಅದೂ ಹೂವಿನ ಜೊತೆಗೇ ಮೇಲಕ್ಕೆ ಹೋಗಿ ಹಣೆಯ ಬಣ್ಣದಲ್ಲಿ ಸೇರಿಕೊಂಡಿತ್ತು. ಹೂವು ಬಂತು, ಕುಂಕುಮ ಹೋಯಿತು.

ಆಗ ನೆನಪಾದದ್ದು ನಮ್ಮ ಮನೆಯ ಗೋಡೆಯ ಮೇಲಿದ್ದ ಅಜ್ಜಿಯ ಮದುವೆ ಫೋಟೋ. ನಿಮ್ಮ ಮನೆಗಳಲ್ಲೂ ಅಂಥದ್ದು ಇರಬಹುದು, ಹೋಗಿ ಒಮ್ಮೆ ನೋಡಿ. ಆ ಫೋಟೋದಲ್ಲಿ ಅಜ್ಜಿಯ ಕುಂಕುಮ ಕಾಡಿಗೆಯಷ್ಟು ಕಪ್ಪು. ಚಿಕ್ಕವನಿದ್ದಾಗ ಅಜ್ಜಿ ಕಪ್ಪು ಬೊಟ್ಟು ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲಂ ಮತ್ತು ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಅವನ್ನು ಕೆಂಪು ದೀಪದ ಕೆಳಗೆ ತೊಳೆಯಬಹುದಾಗಿತ್ತು. ಕೆಂಪಾದದ್ದೆಲ್ಲ ಅದರಲ್ಲಿ ಕಪ್ಪು. ತುಟಿ, ಕುಂಕುಮ, ಕೆಂಪು ರೇಷ್ಮೆ ಸೀರೆ, ಎಲ್ಲ.

ಕೆಂಪನ್ನು ಕೆಳಕ್ಕೆ ಇಳಿಸಿದೆ. ಹಸಿರನ್ನು ಸ್ವಲ್ಪ ಎತ್ತಿದೆ. ಎಲೆಗಳು ಬೆಳಗಿದವು. ಅವುಗಳ ನಡುವೆ ದಾಸವಾಳ ಕಡುಬೂದು ಬಣ್ಣದಲ್ಲಿ, ಎಸಳಿನ ನರಗಳ ಸಮೇತ ಮೂಡಿತು. ಹಣೆಯ ಮೇಲೆ ಕುಂಕುಮ ಗಟ್ಟಿಯಾಗಿ ನಿಂತಿತು. ಚಾಚಿದ ಕೈ ಒಂದು ಕಡೆ, ಹೂವು ಇನ್ನೊಂದು ಕಡೆ, ಮೇಲೆ ಹಣೆಯ ಬೊಟ್ಟು. ಹೂವು ಮತ್ತು ಬೊಟ್ಟು ಒಂದೇ ಬಣ್ಣದವು ಅನ್ನುವುದು ಬಣ್ಣವೇ ಇಲ್ಲದ ಚಿತ್ರದಲ್ಲಿ ಗೊತ್ತಾಗುವ ಹಾಗಾಯಿತು. ಇದು ಎರಡನೇ ಚಿತ್ರ. ಮೊದಲನೆಯದರ ಪಕ್ಕದಲ್ಲೇ ಹಾಕಿದ್ದೇನೆ, ನೋಡಿ.

ಚರ್ಮದ ವಿಷಯ ಬಂದದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಜನರ ಕಂದು ಮೈಬಣ್ಣ ಈ ತಂತ್ರಾಂಶಗಳಲ್ಲಿ ಹೆಚ್ಚಾಗಿ ಕಿತ್ತಳೆ ಸ್ಲೈಡರಿನ ಕೈಗೆ ಸಿಗುತ್ತದೆ. ಅದನ್ನು ಎತ್ತಿದರೆ ಮುಖ ನುಣುಪಾಗುತ್ತದೆ, ಬಿಳಿ ಆಗುತ್ತದೆ. ಎಷ್ಟೋ ಮದುವೆ ಚಿತ್ರಗಳಲ್ಲಿ ಇದನ್ನು ಕಣ್ಣುಮುಚ್ಚಿ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಜೋನ್ ಸಿಸ್ಟಮ್ ರೂಪಿಸಿದರು. ಕಡುಗಪ್ಪು ಸೊನ್ನೆ, ಕಾಗದದ ಬಿಳುಪು ಹತ್ತು, ನಡುವಿನ ಬೂದು ಐದು. ಅದರಲ್ಲಿ ಬಿಳಿಯರ ಮುಖವನ್ನು ಆರರಲ್ಲಿ ಕೂರಿಸುವುದು ರೂಢಿ. ನಮ್ಮಲ್ಲಿ ಅದನ್ನೇ ಬಾಯಿಪಾಠ ಮಾಡಿ ಎಲ್ಲ ಮುಖಗಳನ್ನೂ ಆರಕ್ಕೆ ಎತ್ತುತ್ತಾರೆ. ನಮ್ಮ ದೊಡ್ಡಮ್ಮನ ಮುಖ ಐದರಲ್ಲಿದೆ, ಕೆನ್ನೆಯ ನೆರಳು ನಾಲ್ಕರಲ್ಲಿದೆ. ಕಂದು ಚರ್ಮದ ಮೇಲೆ ಬೆಳಕು ಬಿದ್ದಾಗ ಮೂಗಿನ ತುದಿಯಲ್ಲಿ, ಕೆನ್ನೆಯ ಏರಿನಲ್ಲಿ ಒಂದು ಹೊಳಪು ಬರುತ್ತದಲ್ಲ, ಅದು ಎಷ್ಟು ಚೆಂದ! ಕೆಳಗಿನ ಬಣ್ಣ ಗಾಢವಾಗಿದ್ದರೆ ಮಾತ್ರ ಆ ಹೊಳಪಿಗೆ ಅರ್ಥ. ಮುಖವನ್ನು ಬಿಳಿ ಮಾಡಿದಿರೋ, ಹೊಳಪು ಹೋಯಿತು, ಮನುಷ್ಯರೂ ಹೋದರು.

ಆಕಾಶದ ಬಗ್ಗೆ ಎರಡು ಮಾತು. 1854ರ ಡಿಸೆಂಬರಿನಲ್ಲಿ ಲಿನಿಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೇಲೂರು, ಹಳೇಬೀಡುಗಳ ಫೋಟೋ ತೆಗೆದರು. ಮೇಣ ಸವರಿದ ಕಾಗದದ ನೆಗೆಟಿವ್. ಆ ಕಾಲದ ನೆಗೆಟಿವ್‌ಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಟ್ಟುತ್ತಿತ್ತು. ಹಾಗಾಗಿ ಆಕಾಶ ಬರೀ ಬಿಳಿ ಹಾಳೆ ಆಗಿಬಿಡುತ್ತಿತ್ತು. ಟ್ರೈಪ್ ಕೆಲವು ನೆಗೆಟಿವ್‌ಗಳ ಮೇಲೆ ಕೈಯಿಂದಲೇ ಮೋಡ ಬರೆದದ್ದುಂಟು. ಇವತ್ತು ನಾವು ನೀಲಿ ಸ್ಲೈಡರನ್ನು ಕೆಳಕ್ಕೆ ಎಳೆದರೆ ಸಾಕು, ಆಕಾಶ ಕಪ್ಪಾಗಿ ಮೋಡ ಎದ್ದು ಬರುತ್ತದೆ. ಸುಲಭ ಇದೆ ಅಂತ ಜಾಸ್ತಿ ಎಳೆಯಬೇಡಿ. ಆಕಾಶದಲ್ಲಿ ಪಟ್ಟೆ ಬೀಳುತ್ತದೆ, ಗುಡ್ಡದ ಅಂಚಿಗೆ ಬಿಳಿ ಗೆರೆ ಬರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಆಕಾಶದಲ್ಲಿ ನೀಲಿಯೇ ಇರುವುದಿಲ್ಲ. ಅಲ್ಲಿ ಆ ಸ್ಲೈಡರ್ ಏನೂ ಮಾಡಲಾರದು.

ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ. ಬಣ್ಣದ ಸೆನ್ಸರಿಗೆ ಬೇಡ. ಕೆಂಪು ಗಾಜು ಹಾಕಿದರೆ ನಾಲ್ಕು ಕೋಣೆಯಲ್ಲಿ ಒಂದಕ್ಕೆ ಮಾತ್ರ ಸರಿಯಾಗಿ ಬೆಳಕು ಹೋಗುತ್ತದೆ. ಪೋಲರೈಸರ್ ಬೇರೆ ಮಾತು. ಎಲೆಯ ಮೇಲಿನ, ನೀರಿನ ಮೇಲಿನ ಹೊಳಪನ್ನು ಅದು ಕಡಿಮೆ ಮಾಡುತ್ತದೆ. ಆ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ ಆಗುವುದಿಲ್ಲ.

ಇಷ್ಟು ಹೊತ್ತು ಬಣ್ಣವೇ ಬಂಡವಾಳ ಅಂದೆ. ಬಣ್ಣವೇ ಇಲ್ಲದ ಕಡೆ ಏನು ಮಾಡುವುದು? ಹಳೇಬೀಡಿನ ಗೋಡೆಯನ್ನೇ ತೆಗೆದುಕೊಳ್ಳಿ. ಬಳಪದ ಕಲ್ಲು. ಆನೆ, ಸಿಂಹ, ಬಳ್ಳಿ, ದೇವರು, ನರ್ತಕಿ, ಎಲ್ಲ ಅದೇ ಬೂದು ಕಲ್ಲಿನಲ್ಲಿ. ಯಾವ ಬಣ್ಣದ ಸ್ಲೈಡರ್ ಎಳೆದರೂ ಇಡೀ ಗೋಡೆ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಅಲ್ಲಿ ಅಂತರ ತರುವುದು ಬೆಳಕು ಮಾತ್ರ. ಬಿಸಿಲು ಗೋಡೆಗೆ ನೇರವಾಗಿ ಬಿದ್ದಾಗ ತೆಗೆದರೆ ಶಿಲ್ಪ ಚಪ್ಪಟೆ. ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಹಾಯುವ ಹೊತ್ತಿಗೆ ಕಾದರೆ ಒಂದೊಂದು ಮಣಿಸರದ ಕೆಳಗೂ ನೆರಳು ಬೀಳುತ್ತದೆ. ಒಮ್ಮೆ ಅಲ್ಲಿ ಒಂದು ನರ್ತಕಿಯ ಮುಂದೆ ಒಂದೂವರೆ ಗಂಟೆ ಕೂತಿದ್ದೆ. ಬಿಸಿಲು ಮೊದಲು ಅವಳ ಭುಜಕ್ಕೆ ಬಂತು, ಆಮೇಲೆ ಸೊಂಟದ ಡಾಬಿಗೆ. ಡಾಬಿನ ಕುಚ್ಚುಗಳು ತೊಡೆಯ ಮೇಲೆ ನೆರಳು ಚೆಲ್ಲಿದ್ದು ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ತೆಗೆದ ಫೈಲಿಗೆ ಮನೆಗೆ ಬಂದು ಮಾಡುವ ಕೆಲಸ ಏನೂ ಇರಲಿಲ್ಲ.

ನಮ್ಮ ಮೈಸೂರಿನಲ್ಲೇ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರಾಗಿದ್ದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದಕ್ಕೆ ಅವರು ದೊಡ್ಡ ದೀಪ ಹಾಕಲಿಲ್ಲ. ಹೊರಗಿನ ಸೂರ್ಯನ ಬೆಳಕನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದರು. ಸೂರ್ಯನ ಕಿರಣ ದೂರದಿಂದ ಬರುವುದರಿಂದ ಸಮಾನಾಂತರವಾಗಿ ಬರುತ್ತದೆ, ದೀಪದ ಬೆಳಕಿನ ಹಾಗೆ ಹರಡುವುದಿಲ್ಲ. ಅದಕ್ಕೇ ಆ ಕೋಲಿನ ಅಂಚು ಅಷ್ಟು ಚೂಪು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಸಿನಿಮಾ ಛಾಯಾಗ್ರಾಹಕ ಅವರು. ಕಪ್ಪು-ಬಿಳುಪು ಕಲಿಯುವವರು ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಸುತ್ತ ಅಷ್ಟು ಕತ್ತಲಿದ್ದರೂ ಆ ಕತ್ತಲೊಳಗೆ ಏನೋ ಇದೆ ಅಂತ ಗೊತ್ತಾಗುತ್ತಿರುತ್ತದೆ.

ಇನ್ನು ಕರ್ವ್. ಚಿತ್ರದ ಯಾವ ಬೂದು ಎಷ್ಟು ಬೆಳಕಾಗಬೇಕು ಅಂತ ತಂತ್ರಾಂಶದಲ್ಲಿ ಬಗ್ಗಿಸಿ ಹೇಳುವ ಗೆರೆ. ಇದರ ಬಗ್ಗೆ ದಿನಗಟ್ಟಲೆ ಮಾತಾಡಬಹುದು, ನಾನು ಒಂದೇ ವಿಷಯ ಹೇಳುತ್ತೇನೆ. ಕರ್ವ್ ಅಂದರೆ ಮನೆ ಖರ್ಚಿನ ಹಾಗೆ. ಕೈಯಲ್ಲಿರುವ ದುಡ್ಡು ಇಷ್ಟೇ. ಗೆರೆ ಎಲ್ಲಿ ಕಡಿದಾಗಿ ಏರುತ್ತದೋ ಅಲ್ಲಿ ಅಂತರ ಹೆಚ್ಚುತ್ತದೆ. ಅಲ್ಲಿ ಜಾಸ್ತಿ ಕೊಟ್ಟರೆ ಇನ್ನೆಲ್ಲೋ ಗೆರೆ ಮಲಗುತ್ತದೆ, ಅಲ್ಲಿ ಅಂತರ ಸಾಯುತ್ತದೆ. ಎಲ್ಲರೂ ಕಣ್ಣುಮುಚ್ಚಿ ಹಾಕುವ ಇಂಗ್ಲಿಷ್ ಎಸ್ ಆಕಾರದ ಕರ್ವ್ ನಡುವಿನ ಬೂದಿಗೆ ಕೊಟ್ಟು ಬಿಳುಪಿನಿಂದಲೂ ನೆರಳಿನಿಂದಲೂ ಕಿತ್ತುಕೊಳ್ಳುತ್ತದೆ. ದೊಡ್ಡಮ್ಮನ ಸೀರೆ ತಿಳಿ ಬಣ್ಣದ ಹತ್ತಿ ಸೀರೆ. ತೊಳೆದು ತೊಳೆದು ಮೆತ್ತಗಾದದ್ದು. ಅದರ ಮಡಿಕೆಗಳೆಲ್ಲ ಬಿಳುಪಿನ ಹತ್ತಿರದಲ್ಲೇ ಇವೆ. ಎಸ್ ಹಾಕಿದರೆ ಮಡಿಕೆಗಳೇ ಹೋಗುತ್ತವೆ. ಹಾಗಾಗಿ ಈ ಚಿತ್ರದಲ್ಲಿ ನಡುವನ್ನು ಮುಟ್ಟಲಿಲ್ಲ, ಮೇಲಿನ ತುದಿಯನ್ನು ಮಾತ್ರ ಸ್ವಲ್ಪ ಕಡಿದು ಮಾಡಿದೆ. ಮಡಿಕೆಗಳು ಬಂದವು.

ಕರ್ವಿನಿಂದ ಆಗದ್ದನ್ನು ಕೈಯಿಂದ ಮಾಡಬೇಕು. ಡಾಡ್ಜ್ ಮತ್ತು ಬರ್ನ್ ಅಂತೀವಲ್ಲ, ಅದು. ಒಂದು ಜಾಗವನ್ನಷ್ಟೇ ಬೆಳಗಿಸುವುದು ಡಾಡ್ಜ್, ಕತ್ತಲು ಮಾಡುವುದು ಬರ್ನ್. ನಿಮ್ಮಲ್ಲಿ ಡಾರ್ಕ್‌ರೂಮ್ ನೋಡಿದವರು ಎಷ್ಟು ಜನ? ನಾಲ್ಕೈದು ಕೈ ಕಾಣುತ್ತಿವೆ. ನಾನು ಕಲಿತದ್ದು ಒಂದು ಬಚ್ಚಲುಮನೆಯಲ್ಲಿ. ಕಿಟಕಿಗೆ ಕಪ್ಪು ಬಟ್ಟೆ, ಮೂಲೆಯಲ್ಲಿ ಕೆಂಪು ದೀಪ, ಮೂರು ತಟ್ಟೆಗಳು. ಸೈಕಲ್ ಚಕ್ರದ ಕಡ್ಡಿಯ ತುದಿಗೆ ರೊಟ್ಟಿನ ಬಿಲ್ಲೆ ಅಂಟಿಸಿಕೊಂಡು, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್ಲಾರ್ಜರ್ ಬೆಳಕಿನ ಕೆಳಗೆ ಆಡಿಸುತ್ತಿದ್ದೆವು. ಆ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಮುಖದ ಮೇಲೆ ನಾಲ್ಕು ಸೆಕೆಂಡ್ ನೆರಳು ಹಿಡಿದರೆ ಮುಖ ಬೆಳಗುತ್ತದೆ. ಮೂಲೆಗೆ ಎಂಟು ಸೆಕೆಂಡ್ ಜಾಸ್ತಿ ಬೆಳಕು ಕೊಟ್ಟರೆ ಮೂಲೆ ಕತ್ತಲಾಗುತ್ತದೆ. ಬಿಲ್ಲೆಯನ್ನು ಆಡಿಸುತ್ತಲೇ ಇರಬೇಕು. ಒಂದು ಕ್ಷಣ ನಿಲ್ಲಿಸಿದರೂ ಕಾಗದದ ಮೇಲೆ ಅದರ ಗುರುತು ಬೀಳುತ್ತಿತ್ತು. ಆ ಅಭ್ಯಾಸ ಈಗಲೂ ಕೈಯಲ್ಲಿದೆ. ಕಂಪ್ಯೂಟರಿನಲ್ಲಿ ಬ್ರಷ್ಷಿನ ಅಂಚು ಮೆತ್ತಗೆ ಇಡಿ, ಶೇಕಡಾ 5ರಷ್ಟು ಬಲ ಸಾಕು, ಹತ್ತು ಸಲ ಸವರಿ. ಒಂದೇ ಸಲಕ್ಕೆ 50 ಹಾಕಿದರೆ ಗುರುತು ಸಿಕ್ಕಿಬೀಳುತ್ತದೆ. ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಸ್ಲೈಡರ್ ವಿಷಯವೂ ಅಷ್ಟೇ. ಇಡೀ ಚಿತ್ರಕ್ಕೆ ಎಳೆದರೆ ಎಲ್ಲದರ ಸುತ್ತ ಪ್ರಭಾವಳಿ ಬರುತ್ತದೆ. ಬುಟ್ಟಿಯ ಬಿದಿರಿನ ಹೆಣಿಗೆಗೆ ಬೇಕು, ಅಲ್ಲಿಗೆ ಮಾತ್ರ ಕೊಡಿ.

ದೊಡ್ಡಮ್ಮನ ಚಿತ್ರದಲ್ಲಿ ಕೈಯಿಂದ ಮಾಡಿದ್ದು ಮೂರೇ ಕೆಲಸ. ಅವರ ಹಿಂದಿನ ಗೋಡೆಯನ್ನು ಕತ್ತಲು ಮಾಡಿದೆ. ಚಾಚಿದ ಬೆರಳುಗಳನ್ನು ಚೂರು ಬೆಳಗಿಸಿದೆ. ಬುಟ್ಟಿಯ ಹೆಣಿಗೆಗೆ ಕಾಂಟ್ರಾಸ್ಟ್ ಕೊಟ್ಟೆ. ಮುಖವನ್ನು ಮುಟ್ಟಲೇ ಇಲ್ಲ.

ಕೊನೆಗೆ ಪ್ರಿಂಟ್. ಒಮ್ಮೆ ಒಂದು ಲ್ಯಾಬಿನಿಂದ ಹನ್ನೆರಡು ಚಿತ್ರ ಪ್ರಿಂಟ್ ಮಾಡಿಸಿ ತಂದೆ. ಎಲ್ಲವೂ ಪರದೆಯಲ್ಲಿ ಕಂಡದ್ದಕ್ಕಿಂತ ಕತ್ತಲು, ಜೊತೆಗೆ ತೆಳು ಹಸಿರು ಛಾಯೆ. ಬಣ್ಣದ ಶಾಯಿಗಳನ್ನೋ ಬಣ್ಣದ ಕಾಗದವನ್ನೋ ಬಳಸಿ ಬೂದು ಮಾಡಿದಾಗ ಅಂಥ ಛಾಯೆ ಬರುವುದುಂಟು. ಎರಡು ಮೂರು ಬೂದು ಶಾಯಿ ಇರುವ ಪ್ರಿಂಟರ್ ಎಲ್ಲಿದೆ ಅಂತ ವಿಚಾರಿಸಿ ಹೋಗಿ. ಕತ್ತಲಿಗೆ ಕಾರಣ ಮಾತ್ರ ನನ್ನ ಮನೆಯ ಮಾನಿಟರ್. ಬೆಳಕು ಪೂರ್ತಿ ಏರಿಸಿಟ್ಟಿದ್ದೆ. ಪರದೆಯ ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಒಳಗೆ ಇಟ್ಟುಕೊಂಡರೆ ಪರದೆಯೂ ಕಾಗದವೂ ಹತ್ತಿರ ಬರುತ್ತವೆ.

ಕಾಗದವನ್ನೂ ನೋಡಿ ಆರಿಸಿ. ಹೊಳಪಿಲ್ಲದ ಮ್ಯಾಟ್ ಕಾಗದದ ಕಡುಗಪ್ಪಿನ ಸಾಂದ್ರತೆ ಸುಮಾರು 1.6. ಅಂದರೆ ಬಿದ್ದ ಬೆಳಕಿನಲ್ಲಿ ನಲವತ್ತರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಹೊಳಪಿರುವ ಒಳ್ಳೆಯ ಬ್ಯಾರೈಟಾ ಕಾಗದದಲ್ಲಿ 2.3ರವರೆಗೂ ಹೋಗುತ್ತದೆ, ಇನ್ನೂರರಲ್ಲಿ ಒಂದು ಪಾಲು. ನೆರಳೇ ಮುಖ್ಯವಾದ ಚಿತ್ರಕ್ಕೆ ಮ್ಯಾಟ್ ಹಾಕಿದರೆ ಕಪ್ಪು ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಆದರೆ ದೊಡ್ಡಮ್ಮನ ಚಿತ್ರಕ್ಕೆ ನಾನು ಮ್ಯಾಟನ್ನೇ ಆರಿಸಿದೆ. ಆ ಹಳೇ ಹತ್ತಿ ಸೀರೆಗೆ ಹೊಳೆಯುವ ಕಾಗದ ಸರಿಹೋಗಲಿಲ್ಲ.

ಎರಡು ಪ್ರಿಂಟನ್ನೂ ತಂದಿದ್ದೇನೆ. ಮುಂದಿನ ಸಾಲಿನಿಂದ ಕೈ ದಾಟಿಸುತ್ತಾ ಹೋಗಿ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಆ ಎಡಗಡೆಯ ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ. ಅಂಚನ್ನು ಮಾತ್ರ ಹಿಡಿಯಿರಿ. ಮೊದಲು ಹೂವು ನೋಡಿ, ಆಮೇಲೆ ಕುಂಕುಮ ನೋಡಿ. ಆಮೇಲೆ ಅವರ ಮುಡಿಯಲ್ಲಿ, ಕಿವಿಯ ಹಿಂದೆ, ಎರಡೇ ಎರಡು ಮಲ್ಲಿಗೆ ಮೊಗ್ಗಿವೆ. ಪರದೆಯ ಮೇಲೆ ಇಷ್ಟು ಹೊತ್ತು ಅವು ಯಾರಿಗೂ ಕಂಡಿರಲಿಕ್ಕಿಲ್ಲ.